ಪೈಪಿಗೆ ಜ್ವರ, ರಬ್ಬರಿಗೆ ಬರೆ

ಸನ್‌ರೂಫ್ ಸೋರಿದರೆ ರಬ್ಬರ್ ಹೋಗಿದೆ. ಕಾರಿನೊಳಗೆ ಮುಗ್ಗು ವಾಸನೆ ಬಂದರೆ ಎಸಿ ಗಲೀಜಾಗಿದೆ. ಕಾರಿಟ್ಟುಕೊಂಡವರು, ಕಾರು ರಿಪೇರಿ ಮಾಡುವವರು, ಕಾಂಪೌಂಡಿನಾಚೆ ನಿಂತು ಪುಕ್ಕಟೆ ಸಲಹೆ ಕೊಡುವವರು, ಮೂವರೂ ತಕರಾರಿಲ್ಲದೆ ಒಪ್ಪಿಕೊಂಡಿರುವ ಮಾತುಗಳಿವು. ಮೊದಲನೆಯ ರೋಗಕ್ಕೆ ಸಿಲಿಕಾನ್ ಟ್ಯೂಬು, ಎರಡನೆಯದಕ್ಕೆ ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವ ಸೆಂಟಿನ ಡಬ್ಬಿ ಎಂಬ ಮದ್ದೂ ನಿಗದಿಯಾಗಿಬಿಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂಬ ಗಾದೆಗೆ ಇಷ್ಟು ಒಪ್ಪುವ ಉದಾಹರಣೆ ಈಚಿನ ದಿನಗಳಲ್ಲಿ ಮತ್ತೊಂದಿಲ್ಲ. ಎರಡೂ ಮಾತು ತಪ್ಪು ಎನ್ನುವುದಷ್ಟೇ ನನ್ನ ತಕರಾರಲ್ಲ; ಎರಡೂ ಒಂದೇ ತಪ್ಪಿನಿಂದ ಹುಟ್ಟಿವೆ. ಸನ್‌ರೂಫನ್ನು ನಾವು ಮುಚ್ಚಳ ಎಂದುಕೊಂಡಿದ್ದೇವೆ. ಉಪ್ಪಿನಕಾಯಿ ಜಾಡಿಯ ಹಾಗೆ, ಬಿಗಿಯಾಗಿದ್ದರೆ ಒಳಗೆ ನೀರು ಹೋಗದು, ಸಡಿಲವಾದರೆ ಹೋಗುತ್ತದೆ ಎಂಬುದು ನಮ್ಮ ತಿಳಿವಳಿಕೆ. ಆದರೆ ಅದನ್ನು ಮುಚ್ಚಳವಾಗಿ ಯಾರೂ ಕಟ್ಟಿಯೇ ಇಲ್ಲ.

ಗಾಜನ್ನು ಪೂರ್ತಿ ಹಿಂದಕ್ಕೆ ಸರಿಸಿ ಅದು ಕೂರುವ ಚೌಕಟ್ಟಿನೊಳಗೆ ಬಗ್ಗಿ ನೋಡಿದರೆ ವಿಷಯ ತಿಳಿಯುತ್ತದೆ. ಗಾಜಿನ ಅಂಚಿಗೆ ರಬ್ಬರ್ ಇದೆ, ನಿಜ. ಆ ರಬ್ಬರಿನ ಕೆಳಗೆ, ಚೌಕಟ್ಟಿನ ಉದ್ದಕ್ಕೂ, ಬೆರಳಗಲದ ಕಾಲುವೆಯೊಂದು ಹರಿದಿದೆ. ಕಾಲುವೆಯ ಮೂಲೆಗಳಲ್ಲಿ ತೂತುಗಳು, ಸಾಮಾನ್ಯವಾಗಿ ನಾಲ್ಕು. ಪ್ರತಿ ತೂತಿಗೂ ಪೆನ್ಸಿಲಿಗಿಂತ ತುಸುವೇ ದಪ್ಪದ, ಎಂಟು ಹತ್ತು ಮಿಲಿಮೀಟರ್ ಒಳವ್ಯಾಸದ ಪೈಪು ಸಿಕ್ಕಿಸಿರುತ್ತಾರೆ. ಮುಂದಿನ ಎರಡು ಪೈಪುಗಳು ಮುಂಗಾಜಿನ ಇಕ್ಕೆಲದ ಕಂಬಗಳೊಳಗಿನಿಂದ ಇಳಿದು ಬಾಗಿಲ ಕೀಲಿನ ಹತ್ತಿರವೋ ಮುಂಚಕ್ರದ ಹಿಂದೆಯೋ ಹೊರಬೀಳುತ್ತವೆ. ಹಿಂದಿನವು ಹಿಂಬದಿಯ ಕಂಬಗಳೊಳಗಿನಿಂದ ಇಳಿದು ಬಂಪರಿನ ಮರೆಯಲ್ಲೋ ಹಿಂಚಕ್ರದ ಬಳಿಯೋ ಬಾಯಿ ತೆರೆಯುತ್ತವೆ. ರಬ್ಬರೇ ನೀರನ್ನು ಪೂರ್ತಿ ತಡೆಯುವುದಾಗಿದ್ದರೆ, ಒಂದು ಸ್ಕ್ರೂ ಉಳಿಸುವುದಕ್ಕೂ ಲೆಕ್ಕ ಹಾಕುವ ಕಾರ್ಖಾನೆಗಳು ಕಂಬಗಳೊಳಗೆ ನಾಲ್ಕು ಪೈಪು ತೂರಿಸುವ ತಾಪತ್ರಯಕ್ಕೆ ಯಾಕೆ ಹೋಗುತ್ತಿದ್ದವು? ರಬ್ಬರಿನ ಕೆಲಸ ಗಾಳಿಯ ಶಬ್ದ, ದೂಳು ಮತ್ತು ನೀರಿನ ಬಹುಪಾಲನ್ನು ಹೊರಗಿಡುವುದು. ಮಿಕ್ಕ ನೀರು ಒಳಗೆ ಬಂದೇ ಬರುತ್ತದೆ ಎಂದು ಗೊತ್ತಿದ್ದೇ ಕಾಲುವೆ ಮಾಡಿದ್ದಾರೆ. ಹಳೆ ಮೈಸೂರು ಸೀಮೆಯ ತೊಟ್ಟಿಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮನೆಯ ನಡುಮಧ್ಯವೇ ಆಕಾಶಕ್ಕೆ ತೆರೆದಿರುತ್ತದೆ, ನಾಲ್ಕು ಕಡೆಯ ಹೆಂಚಿನ ನೀರೂ ತೊಟ್ಟಿಗೇ ಬೀಳುತ್ತದೆ, ಮೂಲೆಯ ತೂಬಿನಿಂದ ಹೊರಗೆ ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಆ ಮನೆಯವರು ತೂಬಿಗೆ ಕಡ್ಡಿ ಹಾಕಿ ಕೆದಕುತ್ತಿದ್ದರೇ ಹೊರತು ತೊಟ್ಟಿಗೆ ಮುಚ್ಚಳ ಹುಡುಕುತ್ತಿರಲಿಲ್ಲ.

ಇದನ್ನು ಕಚ್ಚಾ ಲೆಕ್ಕದಲ್ಲೂ ನೋಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಗಂಟೆಗೆ 60 ಮಿ.ಮೀ. ಎಂದರೆ ವೈಪರು ಸೋತುಹೋಗುವಂಥ ಜಡಿಮಳೆ. ಚಾವಣಿಯ ಬಹುಭಾಗ ಗಾಜೇ ಆಗಿರುವ ದೊಡ್ಡ ಸನ್‌ರೂಫಿನ ಮೇಲೂ ಅದು ಸುರಿಸುವುದು ಚದರ ಮೀಟರಿಗೆ ನಿಮಿಷಕ್ಕೆ ಒಂದು ಲೀಟರ್ ಅಷ್ಟೆ. ಅದರಲ್ಲೂ ಹೆಚ್ಚಿನದು ಗಾಜಿನಿಂದ ಜಾರಿ ಚಾವಣಿಯ ಅಂಚಿಗೆ ಹೋಗುತ್ತದೆ. ರಬ್ಬರೇ ಇಲ್ಲ, ಬಿದ್ದದ್ದೆಲ್ಲ ಕಾಲುವೆಗೇ ಇಳಿಯಿತು ಎಂದುಕೊಂಡರೂ, ನಾಲ್ಕು ಪೈಪುಗಳಿಗೆ ಹಂಚಿದರೆ ತಲೆಗೆ ನಿಮಿಷಕ್ಕೊಂದು ಲೋಟ ನೀರು. ಚಾವಣಿಯಿಂದ ಚಕ್ರದವರೆಗೆ ಸುಮಾರು ಒಂದು ಮೀಟರ್ ಇಳಿಜಾರಿರುವ ಎಂಟು ಮಿಲಿಮೀಟರಿನ ಪೈಪಿಗೆ ಅದೊಂದು ಹೊರೆಯೇ ಅಲ್ಲ. ಅಂದರೆ ಪೈಪು ತೆರೆದಿದ್ದರೆ ಸವೆದ ರಬ್ಬರಿನ ಕಾರೂ ಒಣಗಿರುತ್ತದೆ. ಪೈಪು ಕಟ್ಟಿದ್ದರೆ ನಿನ್ನೆ ಹಾಕಿಸಿದ ಹೊಸ ರಬ್ಬರಿನ ಕಾರೂ ಇಂದಲ್ಲ ನಾಳೆ ಒದ್ದೆಯಾಗುತ್ತದೆ. ಸಾವಿರಾರು ರೂಪಾಯಿ ತೆತ್ತು ರಬ್ಬರ್ ಬದಲಾಯಿಸಿದ ಮೇಲೂ ಸೋರುವುದು ನಿಲ್ಲಲಿಲ್ಲ ಎಂಬ ಗೋಳಿಗೆ ಇದಕ್ಕಿಂತ ಸರಳ ಕಾರಣ ಬೇಕಿಲ್ಲ.

ಸೋರುವ ರೀತಿಯೇ ಸಾಕ್ಷಿ ಹೇಳುತ್ತದೆ. ಮಳೆ ನಿಂತು ಎರಡು ಗಂಟೆಯಾಗಿದೆ, ರಸ್ತೆ ಒಣಗುತ್ತಿದೆ, ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದ ಕೂಡಲೇ ಕನ್ನಡಿಯ ಮೇಲಿನ ದೀಪದ ಸಂದಿನಿಂದ ಅರ್ಧ ಲೋಟ ನೀರು ತೊಡೆಯ ಮೇಲೆ ಸುರಿಯುತ್ತದೆ. ರಬ್ಬರಿನ ಸಂದಿನಿಂದ ಸೋರುವುದಾದರೆ ಮಳೆ ಬೀಳುವಾಗ ಹನಿಯಬೇಕಿತ್ತು. ಮಳೆ ನಿಂತ ಮೇಲೆ, ಅದೂ ಬ್ರೇಕಿಗೆ ಸರಿಯಾಗಿ ಸುರಿಯಿತೆಂದರೆ ನೀರು ಎಲ್ಲೋ ಶೇಖರವಾಗಿತ್ತು, ತುಳುಕಿತು ಎಂದೇ ಅರ್ಥ. ಶೇಖರವಾಗುವ ಜಾಗ ಕಾಲುವೆ. ಶೇಖರವಾದದ್ದು ದಾರಿ ಕಟ್ಟಿದ್ದರಿಂದ. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಮುಂದಿನ ಕಾಲಡಿ ಒದ್ದೆ, ಮೂತಿ ಮೇಲೆ ಮಾಡಿ ನಿಲ್ಲಿಸಿದರೆ ಹಿಂದಿನ ಸೀಟಿನ ಬಳಿ ಅಥವಾ ಡಿಕ್ಕಿಯಲ್ಲಿ ಸ್ಟೆಪ್ನಿ ಮಲಗುವ ಗುಂಡಿಯಲ್ಲಿ ನೀರು. ಇದೂ ಅದೇ ಕಥೆ. 2023ರಲ್ಲಿ ಹೊಸ ಎಸ್‌ಯುವಿಯೊಂದನ್ನು ಬೆಟ್ಟದ ಜಲಪಾತದಡಿ ನಿಲ್ಲಿಸಿ, ಒಳಗೆ ನೀರು ಧಾರೆಯಾಗಿ ಇಳಿಯುವುದನ್ನು ತೋರಿಸಿದ ವಿಡಿಯೊ ದೇಶವಿಡೀ ಓಡಾಡಿತು. ತಯಾರಕರೂ ಅಂಥದೇ ಕಾರನ್ನು ಜಲಪಾತದಡಿ ನಿಲ್ಲಿಸಿ ಒಳಗೆ ಒಣಗಿದೆ ಎಂದು ಮರುವಿಡಿಯೊ ಬಿಟ್ಟರು. ಆಮೇಲೆ ನಡೆದ ಜಗಳ ಹೆಚ್ಚಾಗಿ ಗಾಜು ಸರಿಯಾಗಿ ಮುಚ್ಚಿತ್ತೋ ಇಲ್ಲವೋ ಎಂಬ ಪ್ರಶ್ನೆಯ ಸುತ್ತ. ಕಾಲುವೆಗೆ ಬಿದ್ದ ನೀರು ಕೆಳಗೆ ಯಾವ ಚಕ್ರದ ಬಳಿ ಹೊರಬಂತು, ಎಷ್ಟು ಬಂತು ಎಂದು ಕ್ಯಾಮೆರಾ ಬಗ್ಗಿಸಿ ನೋಡುವ ಮಾತು ಆ ಗಲಾಟೆಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಮುಚ್ಚಳದ ಭ್ರಮೆ ಎಷ್ಟು ಗಟ್ಟಿ ಎನ್ನುವುದಕ್ಕೆ ಆ ಜಗಳವೇ ಪುರಾವೆ.

ಪೈಪು ಕಟ್ಟುವುದು ಮಳೆಗಾಲದಲ್ಲಲ್ಲ, ಬೇಸಿಗೆಯಲ್ಲಿ. ಬೆಂಗಳೂರಿನ ಸಾಲುಮರಗಳ ಕೆಳಗೆ ಫೆಬ್ರವರಿಯಿಂದ ಮೇವರೆಗೆ ನಿಂತ ಕಾರಿನ ಚಾವಣಿ ನೋಡಿ. ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಟ್ಟಿರಬೇಕೆಂದು ಆ ಸಾಲುಮರಗಳನ್ನು ಯೋಜಿಸಿದ ತೋಟಗಾರಿಕೆ ತಜ್ಞ ಕೃಂಬಿಗಲ್ ಕಂಡ ಚೆಂದದ ಕನಸಿನಲ್ಲಿ ಸನ್‌ರೂಫಿನ ಕಾಲುವೆಗೆ ಜಾಗವಿರಲಿಲ್ಲ, ಪಾಪ. ಹೊಂಗೆಯ ಹೂ ಸೇರುಗಟ್ಟಲೆ ಉದುರುತ್ತದೆ, ಮಳೆಮರದ ಎಲೆ ಉದುರುತ್ತದೆ, ಗುಲ್‌ಮೊಹರಿನ ಕಿರುಎಲೆ ಉದುರುತ್ತದೆ. ಗುಲ್‌ಮೊಹರಿನ ಒಂದು ಕಿರುಎಲೆಯ ಉದ್ದ ಸೆಂಟಿಮೀಟರಿಗೂ ಕಡಿಮೆ. ಆ ತೂತಿಗೆಂದೇ ಅಳತೆ ಕೊಟ್ಟು ಕತ್ತರಿಸಿದ ಹಾಗಿರುತ್ತದೆ. ಅದಕ್ಕೆ ಮೆಟ್ರೊ, ಮೇಲ್ಸೇತುವೆ ಕಾಮಗಾರಿಯ ದೂಳು ಸೇರಿ, ಮುಂಗಾರಿಗೆ ಮೊದಲಿನ ಒಂದೆರಡು ತುಂತುರು ಮಳೆಗೆ ನೆನೆದು, ಮತ್ತೆ ಬಿಸಿಲಿಗೆ ಒಣಗಿದರೆ ಗೋಡೆಗೆ ಮೆತ್ತಿದ ಗಾರೆಯಂತೆ ಕೂರುತ್ತದೆ. ಕೆಳತುದಿಯ ಕಥೆ ಬೇರೆ. ದೂಳು, ಹುಳು ಒಳಗೆ ಹೋಗದಿರಲೆಂದು ಅನೇಕ ಕಾರುಗಳಲ್ಲಿ ಪೈಪಿನ ತುದಿಗೆ ತುಟಿಮುಚ್ಚಿದಂಥ ರಬ್ಬರ್ ಬಾಯಿ ಇರುತ್ತದೆ. ಚಕ್ರ ಎರಚಿದ ಕೆಸರು ಅದಕ್ಕೆ ಮೆತ್ತಿಕೊಂಡರೆ ಆ ಬಾಯಿ ತೆರೆಯುವುದೇ ಇಲ್ಲ. ಕುಂಬಾರ ಹುಳು ಗೂಡು ಕಟ್ಟಲೂ ಹೇಳಿ ಮಾಡಿಸಿದ ಜಾಗ. ತುಕ್ಕು ಹಿಡಿಯದಿರಲೆಂದು ಕರಾವಳಿಯಲ್ಲಿ, ಮಲೆನಾಡಿನಲ್ಲಿ ಆಸೆಯಿಂದ ಮಾಡಿಸುವ ಅಂಡರ್‌ಬಾಡಿ ಕೋಟಿಂಗ್ ಕೂಡ, ಕೈ ಬೀಸಿ ಹೊಡೆಯುವವನ ಕೈಗೆ ಸಿಕ್ಕರೆ, ಈ ಬಾಯಿಗಳನ್ನು ಕಪ್ಪು ಟಾರಿನಿಂದ ಮುಚ್ಚಿಹಾಕಬಲ್ಲದು. ಇಷ್ಟೆಲ್ಲ ಕಣ್ಣೆದುರಿಗಿದ್ದೂ ನಾವು ಬೆರಳು ತೋರಿಸುವುದು ರಬ್ಬರಿನ ಕಡೆಗೆ, ಯಾಕೆಂದರೆ ರಬ್ಬರ್ ಕಾಣುತ್ತದೆ, ಪೈಪು ಕಾಣುವುದಿಲ್ಲ.

‘ಏನಾದರೂ ಹೇಳಿ, ಸಿಲಿಕಾನ್ ಹಾಕಿದ ಮೇಲೆ ನಮ್ಮ ಕಾರು ಸೋರುವುದು ನಿಂತಿತು’ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ಅವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ ಅಷ್ಟೆ. ಗಾಜಿನ ಸುತ್ತ ಗಮ್ ಬಳಿದರೆ ಕಾಲುವೆಗೆ ಇಳಿಯುವ ನೀರು ಕಡಿಮೆಯಾಗುತ್ತದೆ, ಆ ಮಳೆಗಾಲಕ್ಕೆ ಅಷ್ಟು ಸಾಕಾಗಬಹುದು. ಆದರೆ ಬಿಸಿಲಿಗೆ ಗಾಜು, ತಗಡು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಗುಂಡಿ ಬಿದ್ದ ರಸ್ತೆಯಲ್ಲಿ ಚಾವಣಿ ನುಲಿಯುತ್ತದೆ. ಗಮ್ಮು ಕೂದಲೆಳೆಯಷ್ಟು ಬಿಟ್ಟರೆ ಸಾಕು, ನೀರಿಗೆ ದಾರಿ ಸಿಗುತ್ತದೆ. ಯಾರಾದರೂ ಮರೆತು ಗುಂಡಿ ಒತ್ತಿ ಗಾಜು ಸರಿಸಿದರೆ ಕಿತ್ತುಬಂದ ಸಿಲಿಕಾನ್ ಚೂರು ನೇರ ಕಾಲುವೆಗೆ ಬಿದ್ದು, ಎಲೆ ಮಾಡದ ಕೆಲಸವನ್ನು ಪೂರೈಸುತ್ತದೆ. ಎಲೆಯಾದರೂ ಕೊಳೆತು ಹೋಗುತ್ತದೆ, ಸಿಲಿಕಾನ್ ಕೊಳೆಯುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಟ್ಯೂಬನ್ನು ಒತ್ತಿದಾಗ ವಿನೆಗರಿನ ಹುಳಿ ವಾಸನೆ ಬಂದರೆ ಅದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲ ಬಿಡುವ ಜಾತಿ. ಬಚ್ಚಲಮನೆಯ ಟೈಲ್ಸಿಗೆ ಸರಿ, ತಗಡಿಗೆ ತುಕ್ಕು ತರಿಸಬಲ್ಲದು. ಇವೆಲ್ಲಕ್ಕಿಂತ ದೊಡ್ಡ ನಷ್ಟವೆಂದರೆ ಪೈಪು ಕಟ್ಟಿದ ವಿಷಯ ಹಾಗೇ ಉಳಿಯುತ್ತದೆ. ಮುಂದಿನ ವರ್ಷ ಸೋರಿದಾಗ ‘ಗಮ್ ಸರಿಯಾಗಿ ಹಾಕಿಲ್ಲ’ ಎಂದು ಇನ್ನೊಂದು ಟ್ಯೂಬು ತರುತ್ತಾರೆ.

ರಬ್ಬರ್ ಕೆಡುವುದೇ ಇಲ್ಲವೇ ಎಂದರೆ, ಕೆಡುತ್ತದೆ. ಬಿಸಿಲಿಗೆ ಗಡುಸಾಗುತ್ತದೆ, ಬಿರುಕು ಬಿಡುತ್ತದೆ, ಅಂಚು ಸುರುಳಿಯಾಗುತ್ತದೆ. ಗಾಜು ಚಾವಣಿಯ ಮಟ್ಟಕ್ಕಿಂತ ಒಂದೆರಡು ಮಿಲಿಮೀಟರ್ ಎದ್ದೋ ತಗ್ಗಿಯೋ ಕೂತರೆ ಹೆದ್ದಾರಿಯಲ್ಲಿ ಸುಂಯ್ ಎಂಬ ಸದ್ದು ಬರುತ್ತದೆ. ಆಗ ರಬ್ಬರ್ ಬದಲಾಯಿಸಬೇಕು, ಗಾಜಿನ ಮಟ್ಟ ಸರಿಪಡಿಸಬೇಕು. ಅದಕ್ಕೆ ನನ್ನ ವಿರೋಧವಿಲ್ಲ. ಪೈಪು ತೆರೆದಿದ್ದೂ ಒಳಗೆ ಸೋರುವ ಸಂದರ್ಭಗಳೂ ಇವೆ: ಕಾಲುವೆಯ ಮೂಲೆಯ ಪ್ಲಾಸ್ಟಿಕ್ ಸೀಳಿರಬಹುದು, ಜೋಡಣೆಯ ಗಮ್ ಬಿಟ್ಟಿರಬಹುದು, ಪೈಪು ತೂತಿನ ಮೂತಿಯಿಂದ ಕಳಚಿ ಕಂಬದೊಳಗೆ ಜೋತಾಡುತ್ತಿರಬಹುದು. ಈ ಕೊನೆಯದಕ್ಕೆ ಬಹಳ ಸಲ ನಾವೇ ಹೊಣೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ ಮೇಲಿನಿಂದ ಗಾಳಿ ಹೊಡೆದರೆ ಕಸ ಹೊರಗೆ ಹಾರುವ ಬದಲು ಪೈಪೇ ಜೋಡಣೆಯಿಂದ ಕಳಚಿಕೊಳ್ಳಬಹುದು. ಆಮೇಲೆ ಕಂಬದ ಹೊದಿಕೆ, ಚಾವಣಿಯ ಒಳಬಟ್ಟೆ ಇಳಿಸದೆ ಗತಿಯಿಲ್ಲ. ಗಟ್ಟಿ ತಂತಿ ತುರುಕಿದರೆ ಪೈಪಿನ ಬಾಗಿನಲ್ಲಿ ತೂತಾಗುತ್ತದೆ. ಅಡಿಕೆ ತೋಟದವರ ಮನೆಯಲ್ಲಿ ಕಳೆ ಕತ್ತರಿಸುವ ಯಂತ್ರದ ನೈಲಾನ್ ದಾರ ಇದ್ದೇ ಇರುತ್ತದೆ. ಅದರ ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿಕೊಂಡು, ಮೇಲಿನಿಂದ ಮೆಲ್ಲಗೆ ತಿರುವುತ್ತಾ ಇಳಿಸುವುದು, ಕೆಳತುದಿಯ ರಬ್ಬರ್ ಬಾಯನ್ನು ಬೆರಳಿನಿಂದ ಹಿಚುಕಿ ಕೆಸರು ಕಳೆಯುವುದು, ಕೊನೆಗೆ ಸ್ವಲ್ಪಸ್ವಲ್ಪವೇ ನೀರು ಬಿಡುವುದು. ಇಷ್ಟಕ್ಕೆ ಬೇಕಾದದ್ದು ಅರ್ಧ ಗಂಟೆ ಮತ್ತು ತಾಳ್ಮೆ.

ಇನ್ನು ವಾಸನೆ. ಇಲ್ಲಿ ಬಹುಮತದ ಅಭಿಪ್ರಾಯ ಇನ್ನೂ ದಾರಿ ತಪ್ಪಿದೆ. ನಿಂಬೆ, ಮಲ್ಲಿಗೆ, ಕರ್ಪೂರ, ಕಾಫಿಬೀಜದ ಪೊಟ್ಟಣ, ಎಸಿಗೆ ಊದುವ ನೊರೆ, ಎಲ್ಲ ಆದ ಮೇಲೂ ಹೋಗದ ವಾಸನೆ ಸಾಮಾನ್ಯವಾಗಿ ಎಸಿಯಿಂದ ಬಂದದ್ದಲ್ಲ, ಕಾಲಡಿಯಿಂದ ಬಂದದ್ದು. ಕಂಬದೊಳಗೆ ಇಳಿದ ನೀರು ಕಾರ್ಪೆಟ್ಟಿನ ಮೇಲೆ ಹರಿಯುವುದಿಲ್ಲ, ಅದರ ಕೆಳಗೆ ನುಸುಳುತ್ತದೆ. ಅಲ್ಲಿ ಶಬ್ದ ತಡೆಯಲೆಂದು ಹಾಸಿದ ದಪ್ಪ ಫೋಮು, ಹತ್ತಿಯಂಥ ಹಾಸು ಇರುತ್ತದೆ. ಲೀಟರುಗಟ್ಟಲೆ ಹೀರಿಕೊಂಡು ಕೂರುತ್ತದೆ. ಮೇಲಿನ ಬಟ್ಟೆ ಒಂದು ಹಗಲಿನಲ್ಲಿ ಒಣಗುತ್ತದೆ, ಅಂಗೈ ಇಟ್ಟು ನೋಡಿದವರು ‘ಒಣಗಿದೆಯಲ್ಲ’ ಎನ್ನುತ್ತಾರೆ; ಮುಷ್ಟಿಯಿಂದ ಒತ್ತಿ ನೋಡಿದರೆ ಬೆರಳ ಸಂದಿಗೆ ನೀರು ಬರುತ್ತದೆ. ನೆನೆದ ವಸ್ತುವಿನಲ್ಲಿ ಒಂದೆರಡು ದಿನದೊಳಗೇ ಬೂಷ್ಟು ಬೆಳೆಯತೊಡಗುತ್ತದೆ. ಮೊದಲ ಮಳೆಗೆ ಮಣ್ಣಿನಿಂದೇಳುವ ಪರಿಮಳಕ್ಕೆ ಕಾರಣವಾದ ಜಿಯೋಸ್ಮಿನ್, ಅಣಬೆಗೆ ಅದರ ವಾಸನೆ ಕೊಡುವ ಆಕ್ಟೆನಾಲ್, ಇಂಥವೇ ಮುಗ್ಗು ವಾಸನೆಯಲ್ಲೂ ಇರುವ ಪದಾರ್ಥಗಳು. ಅಂಗಳದಲ್ಲಿ ಸುಗಂಧ ಎನ್ನಿಸಿದ್ದು ಮುಚ್ಚಿದ ಕಾರಿನಲ್ಲಿ ತಲೆನೋವು ತರುತ್ತದೆ, ಅಷ್ಟೇ ವ್ಯತ್ಯಾಸ. ಎಸಿಯ ವಾಸನೆ ಬೇರೆ ಎಂದು ಮೂಗೇ ಹೇಳುತ್ತದೆ: ಬ್ಲೋಯರ್ ಹಾಕಿದ ಮೊದಲ ನಿಮಿಷದಲ್ಲಿ ಒದ್ದೆ ಕಾಲುಚೀಲದಂತೆ ಗಪ್ಪನೆ ಬಂದು ಆಮೇಲೆ ಕಡಿಮೆಯಾಗುವುದು ಎಸಿಯದು, ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆಗೆದ ತಕ್ಷಣ, ಇನ್ನೂ ಕೀ ತಿರುಗಿಸುವ ಮೊದಲೇ ಎದುರಾಗುವುದು ಕಾರ್ಪೆಟ್ಟಿನದು. ಮಳೆಯಿಲ್ಲದ ಬೆಳಗ್ಗೆಯೂ ಗಾಜುಗಳ ಒಳಮೈಗೆ ಮಂಜು ಹಿಡಿದಿದ್ದರೆ ಕಾರಿನೊಳಗೆ ಎಲ್ಲೋ ನೀರು ನಿಂತಿರಬಹುದು. ಸೆಂಟು ಹಾಕುವುದರಿಂದ ಆಗುವ ಹಾನಿ ಸೆಂಟಿನ ಬೆಲೆಯಷ್ಟೇ ಅಲ್ಲ. ಸೀಟಿನ ಕೆಳಗೆ ಹಳದಿ ಬಣ್ಣದ ಕನೆಕ್ಟರುಗಳಿರುತ್ತವೆ, ಏರ್‌ಬ್ಯಾಗಿಗೂ ಸೀಟ್‌ಬೆಲ್ಟ್ ಬಿಗಿಯುವ ವ್ಯವಸ್ಥೆಗೂ ಸೇರಿದವು. ಕೆಲವು ಕಾರುಗಳಲ್ಲಿ ಮುಖ್ಯ ವೈರಿಂಗ್ ಹಾಯುವುದೂ ಕಾರ್ಪೆಟ್ಟಿನ ಕೆಳಗೇ. ಪಿನ್ನಿಗೆ ಹಸಿರು ಕಿಲುಬು ಹತ್ತಿದ ಮೇಲೆ ಏರ್‌ಬ್ಯಾಗ್ ದೀಪ ಉರಿಯತೊಡಗಿದರೆ, ಸವೆತವನ್ನೂ ವಿದ್ಯುತ್ ಕೆಡುಕನ್ನೂ ಹೊರಗಿಟ್ಟು ಬರೆದಿರುವ ಮೋಟಾರು ವಿಮೆ ನೆರವಿಗೆ ಬರುವುದು ಅಪರೂಪ. ವಾಸನೆ ಮುಂಗಡ ನೋಟಿಸು ಕೊಟ್ಟಿತ್ತು. ನಾವು ಅದಕ್ಕೆ ಮಲ್ಲಿಗೆ ಮುಡಿಸಿದೆವು.

ಹಾಗಾದರೆ ಒದ್ದೆಯಾದ ಕಾಲಡಿಗೆಲ್ಲ ಸನ್‌ರೂಫಿನ ಪೈಪೇ ಕಾರಣವೇ? ಅಲ್ಲ, ಮತ್ತು ನಾನು ಒಂದು ಕುರುಡು ನಂಬಿಕೆಯ ಜಾಗದಲ್ಲಿ ಇನ್ನೊಂದನ್ನು ಕೂರಿಸಲು ಹೊರಟಿಲ್ಲ. ಮಳೆಯೇ ಇಲ್ಲದ ದಿನ ಎಸಿ ಹಾಕಿ ಓಡಿಸಿದ ಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಿಳಿನೀರು ಕಂಡರೆ ಎಸಿಯ ನೀರು ಹೊರಹೋಗುವ ಪೈಪು ಕಟ್ಟಿದೆ. ನೀರು ಜಿಡ್ಡಾಗಿ, ಸಿಹಿ ವಾಸನೆ ಬರುತ್ತಿದ್ದರೆ ಹೀಟರಿನ ಕೂಲೆಂಟ್ ಸೋರುತ್ತಿದೆ. ಬಾಗಿಲ ಒಳಹೊದಿಕೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಸ್ಪೀಕರ್ ಹಾಕುವವರು ಕಿತ್ತು ಹಾಗೇ ಬಿಟ್ಟಿದ್ದರೆ ಬಾಗಿಲೊಳಗೆ ಇಳಿದ ಮಳೆನೀರು ಒಳಕ್ಕೇ ಬರುತ್ತದೆ. ವೈಪರಿನ ಕೆಳಗಿನ ಜಾಲರಿಯಲ್ಲಿ ಎಲೆ ತುಂಬಿದರೂ, ಟೇಲ್‌ಲೈಟಿನ ಹಿಂದಿನ ಫೋಮು ಹೋದರೂ ಒದ್ದೆಯೇ. ಆದ್ದರಿಂದಲೇ ತಪಾಸಣೆ ಮೊದಲು, ಮದ್ದು ಆಮೇಲೆ. ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಗಾಜು ತೆರೆದು, ಕಾಲುವೆಯ ಒಂದೊಂದೇ ಮೂಲೆಗೆ ಒಂದು ಲೋಟ ನೀರನ್ನು ಸಣ್ಣ ಧಾರೆಯಲ್ಲಿ ಬಿಡಬೇಕು. ಇನ್ನೊಬ್ಬರು ಕೆಳಗೆ ಕೂತು ಆಯಾ ಚಕ್ರದ ಬಳಿ ನೀರು ಬರುವುದನ್ನು ಕಾಯಬೇಕು. ಸರಾಗ ಬಂದರೆ ಆ ಪೈಪು ನಿರಪರಾಧಿ. ತಡವಾಗಿ ಹನಿಹನಿ ಬಂದರೆ ಅರ್ಧ ಕಟ್ಟಿದೆ. ಮೂಲೆಯಲ್ಲೇ ನಿಂತರೆ ಪೂರ್ತಿ ಕಟ್ಟಿದೆ. ಕೆಳಗೂ ಬರದೆ ಮೇಲೂ ನಿಲ್ಲದೆ ಮಾಯವಾದರೆ ಪೈಪು ಕಳಚಿದೆ, ಕೂಡಲೇ ನೀರು ಬಿಡುವುದು ನಿಲ್ಲಿಸಿ. ನಾಲ್ಕೂ ಸರಿಯಿದ್ದರೆ ಗಾಜು ಮುಚ್ಚಿ, ನಲ್ಲಿಗೆ ಸಿಕ್ಕಿಸಿದ ಪೈಪಿನಲ್ಲಿ ನೀರನ್ನು ಬಾಗಿಲ ಮಟ್ಟದಿಂದ ಶುರುಮಾಡಿ ನಿಧಾನಕ್ಕೆ ಮೇಲಕ್ಕೆ ಹರಿಸುತ್ತಾ ಬರಬೇಕು. ಮೊದಲೇ ಚಾವಣಿಗೆ ಸುರಿದರೆ ನೀರು ಎಲ್ಲಿಂದ ಒಳಹೊಕ್ಕಿತೆಂದು ಬ್ರಹ್ಮನಿಗೂ ತಿಳಿಯದು. ಸನ್‌ರೂಫ್ ತಪ್ಪಿತಸ್ಥ ಅಲ್ಲವೆಂದು ತೋರಿಸುವುದಕ್ಕೂ ಇದೇ ಪರೀಕ್ಷೆ ಬೇಕು.

‘ನಮ್ಮ ಬಿಸಿಲಿಗೆ, ದೂಳಿಗೆ ಸನ್‌ರೂಫೇ ಬೇಡದ ಶೋಕಿ, ಅದನ್ನು ಕೊಳ್ಳದಿದ್ದರೆ ಮುಗಿಯಿತು’ ಎನ್ನುವವರ ವಾದವೂ ಇದೆ. ಕೊಳ್ಳುವ ಮುಂಚೆ ಆ ಮಾತು ಸರಿ. ಕೊಂಡವರ ಒದ್ದೆ ಕಾರ್ಪೆಟ್ಟಿಗೆ ಅದು ಉತ್ತರವಲ್ಲ. ‘ಹಾಕಿಸಿಕೊಂಡಿದ್ದೇವೆ, ಆದರೆ ತೆರೆಯುವುದೇ ಇಲ್ಲ, ಅದಕ್ಕೇ ಸೋರುವುದಿಲ್ಲ’ ಎಂಬುದಂತೂ ಅಪಾಯದ ಸಮಾಧಾನ. ತೆರೆಯದ ಗಾಜಿನ ಕೆಳಗೆ ಎಲೆ ಸೇರುವುದು ನಿಲ್ಲುವುದಿಲ್ಲ, ಕಣ್ಣಿಗೆ ಬೀಳುವುದು ನಿಲ್ಲುತ್ತದೆ ಅಷ್ಟೆ. ಮಾರುವವರ ಪಾಲೂ ಇದರಲ್ಲಿದೆ. ಶೋರೂಮಿನಲ್ಲಿ ಗಾಜು ಸರಿಸಿ ಆಕಾಶ ತೋರಿಸುತ್ತಾರೆ, ಮಕ್ಕಳು ತಲೆ ಹೊರಗೆ ಹಾಕಿದರೆ ಬೇಡವೆನ್ನದೆ ಫೋಟೊ ತೆಗೆಯುತ್ತಾರೆ. ಮಳೆನೀರು ಯಾವ ಚಕ್ರದ ಹಿಂದೆ ಇಳಿಯುತ್ತದೆಂದು ಬಗ್ಗಿ ತೋರಿಸುವವರನ್ನು ಹುಡುಕಬೇಕು. ಎಂಜಿನ್ ಆಯಿಲ್, ಏರ್ ಫಿಲ್ಟರ್ ಎಂದು ಸಾಲುಸಾಲು ಬರೆಯುವ ಸರ್ವಿಸ್ ಚೀಟಿಯಲ್ಲಿ ‘ಸನ್‌ರೂಫ್ ಪೈಪು ಪರೀಕ್ಷೆ’ ಎಂದು ಇನ್ನೊಂದು ಸಾಲು ಬರೆಸಿದರೆ ಯಾರ ಗಂಟೂ ಹೋಗುವುದಿಲ್ಲ.

ಮೇ ಮುಗಿಯುವ ಮೊದಲು ಒಂದು ಚೊಂಬು ನೀರು, ಒಂದು ಲೋಟ ಹಿಡಿದುಕೊಂಡು ಅಂಗಳಕ್ಕೆ ಹೋಗಿ. ಮುಂಚಕ್ರದ ಹಿಂದೆ ನೆಲ ಒದ್ದೆಯಾಯಿತೋ ನೋಡಿ. ಆಗದಿದ್ದರೆ ನೈಲಾನ್ ದಾರ ತನ್ನಿ. ಸಿಲಿಕಾನ್ ಟ್ಯೂಬು ತಂದಿಟ್ಟುಕೊಂಡಿದ್ದರೆ ಅದನ್ನು ಬಚ್ಚಲಮನೆಯ ಟೈಲ್ಸಿಗೆ ಬಳಸಿ.